ಮನೆಗಿಂತ ಮೊದಲು ರೈಲಿನ ಲೈನ್ ನೋಡಿ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವನು. ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಬೋಬ್ಲಿಂಗನ್‌ನಲ್ಲಿ ಕೆಲಸ ಸಿಕ್ಕಿದೆ. ಒಂದೂವರೆ ತಿಂಗಳಲ್ಲಿ ಹೊರಡಬೇಕು. ಹೆಂಡತಿ ಮೂರು ತಿಂಗಳು ಬಿಟ್ಟು ಬರುತ್ತಾಳೆ. ಮನೆ ಇಲ್ಲಿಂದಲೇ ಗೊತ್ತು ಮಾಡಿಕೊಂಡು ಹೋಗೋಣ ಅಂತ ಇಂಟರ್ನೆಟ್‌ನಲ್ಲಿ ಹುಡುಕಿದೆ. ಸ್ಟುಟ್‌ಗಾರ್ಟ್ ನಡು ಊರಿನಲ್ಲೇ ಎರಡು ಕೋಣೆಯ ಮನೆ, ಸಾಮಾನು ಸಮೇತ, ಎಲ್ಲಾ ಸೇರಿ ತಿಂಗಳಿಗೆ 620 ಯೂರೋ. ಓನರ್ ಈಗ ಲಂಡನ್‌ನಲ್ಲಿದ್ದಾರಂತೆ. ಮೂರು ತಿಂಗಳ ಅಡ್ವಾನ್ಸ್ 1,860 ಯೂರೋ ಕಳಿಸಿದರೆ ಕೀ ಕೊರಿಯರ್ ಮಾಡುತ್ತೇನೆ ಅನ್ನುತ್ತಾರೆ. ಪಾಸ್‌ಪೋರ್ಟ್ ಕಾಪಿ ಕೇಳಿದರು, ಕಳಿಸಿದ್ದೇನೆ. ಅಪ್ಪಯ್ಯ ಅಡಿಕೆ ದುಡ್ಡು ಎತ್ತಿಟ್ಟಿದ್ದಾರೆ. ಕಳಿಸಲಾ? ಮತ್ತೆ ಅಲ್ಲಿ ಬಸ್ಸು, ರೈಲು ನಂಬಿಕೊಂಡು ಇರಬಹುದಾ, ಇಲ್ಲಾ ಕಾರು ತೆಗೆದುಕೊಳ್ಳಲೇಬೇಕಾ?

ಉತ್ತರ:

ದುಡ್ಡು ಕಳಿಸಬೇಡಿ. ಒಂದು ಯೂರೋ ಕೂಡ ಬೇಡ. ಇದು ಮೋಸ. ನಾನು ಆ ಕಡೆ ಹಲವು ವರ್ಷ ಇದ್ದು ಬಂದವನು. ಈಗ ಶಿವಮೊಗ್ಗದಲ್ಲಿದ್ದುಕೊಂಡು, ಜರ್ಮನಿಗೆ ಹೊರಟ ನಮ್ಮ ಕಡೆಯ ಹುಡುಗರಿಗೆ ಸಲಹೆ ಕೊಡುತ್ತಿರುತ್ತೇನೆ. ಈ ಲಂಡನ್ ಓನರ್ ಕಥೆ ನನಗೆ ಚೆನ್ನಾಗಿ ಪರಿಚಯ. ಓನರ್ ಯಾವಾಗಲೂ ಬೇರೆ ದೇಶದಲ್ಲಿರುತ್ತಾರೆ, ಮನೆ ತೋರಿಸಲು ಯಾರೂ ಇರುವುದಿಲ್ಲ, ಫೋಟೋ ಮಾತ್ರ ಬಹಳ ಚೆನ್ನಾಗಿರುತ್ತವೆ, ಬಾಡಿಗೆ ನಂಬಲಾಗದಷ್ಟು ಕಡಿಮೆ. ಸ್ಟುಟ್‌ಗಾರ್ಟ್ ಜರ್ಮನಿಯ ದುಬಾರಿ ಊರುಗಳಲ್ಲಿ ಒಂದು. ನಡು ಊರಿನಲ್ಲಿ, ಸಾಮಾನು ಸಮೇತ, ಎರಡು ಕೋಣೆಯ ಮನೆ 620ಕ್ಕೆ ಸಿಗುವುದಾದರೆ ಅದು ಜಾಹೀರಾತಿಗೆ ಬರುವ ಮೊದಲೇ ಅಲ್ಲಿನವರ ಕೈ ಸೇರಿರುತ್ತದೆ. ದೂರದ ತೀರ್ಥಹಳ್ಳಿಯ ಹುಡುಗನಿಗಾಗಿ ಅದು ಕಾದು ಕೂತಿರುವುದಿಲ್ಲ, ಅಲ್ವಾ?

ಕಾನೂನು ಏನು ಹೇಳುತ್ತದೆ ಅನ್ನುವುದೂ ನಿಮಗೆ ಗೊತ್ತಿರಲಿ. ನಾವು ಅಡ್ವಾನ್ಸ್ ಅನ್ನುವುದಕ್ಕೆ ಅಲ್ಲಿ ಕೌಟ್ಸಿಯೋನ್ ಅನ್ನುತ್ತಾರೆ. ಬರೀ ಬಾಡಿಗೆಯ ಮೂರು ಪಟ್ಟಿಗಿಂತ ಜಾಸ್ತಿ ಕೇಳುವಂತಿಲ್ಲ. ಅದನ್ನೂ ಮೂರು ಸಮಾನ ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರನಿಗಿದೆ. ಮೊದಲ ಕಂತು ಬಾಡಿಗೆ ಶುರುವಾಗುವಾಗ, ಉಳಿದೆರಡು ಮುಂದಿನ ಎರಡು ತಿಂಗಳ ಬಾಡಿಗೆ ಜೊತೆ. ಓನರ್ ಆ ದುಡ್ಡನ್ನು ತನ್ನ ಸ್ವಂತ ಹಣದ ಜೊತೆ ಬೆರೆಸದೆ ಬೇರೆ ಖಾತೆಯಲ್ಲಿ ಇಡಬೇಕು. ಹಾಗಾಗಿ ಮನೆ ತೋರಿಸದೆ, ಕರಾರು ಇಲ್ಲದೆ ಮೂರು ತಿಂಗಳದ್ದು ಒಟ್ಟಿಗೆ ಕಳಿಸು ಅನ್ನುವವರ ಜೊತೆ ಮಾತು ಮುಂದುವರಿಸುವುದೇ ಬೇಡ.

ಪಾಸ್‌ಪೋರ್ಟ್ ಕಾಪಿ ಹೋಗಿಯಾಗಿದೆ. ಅದಕ್ಕೆ ಗಾಬರಿ ಬೇಡ, ಆದರೆ ಸುಮ್ನೆ ಬಿಡಬೇಡಿ. ಇಂಥವರು ಒಬ್ಬರ ಪಾಸ್‌ಪೋರ್ಟ್ ತೋರಿಸಿ ಇನ್ನೊಬ್ಬರಿಗೆ ಬಲೆ ಹಾಕುತ್ತಾರೆ. ನಾಳೆ ನಿಮ್ಮ ಹೆಸರಿನಲ್ಲೇ ಯಾರೋ ಓನರ್ ಆಗಿ ಕೂರಬಹುದು. ಜಾಹೀರಾತು, ಮೇಲ್, ಚಾಟ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಜಾಹೀರಾತು ಬಂದ ಸೈಟಿಗೆ ದೂರು ಕೊಡಿ. ನಮ್ಮ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ಒಂದು ದೂರು ದಾಖಲಿಸಿ, ನಂಬರ್ ಬರೆದಿಟ್ಟುಕೊಳ್ಳಿ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ ಎನ್ನುತ್ತಿದ್ದೆ. ಸದ್ಯ ಆ ಪರಿಸ್ಥಿತಿ ಬಂದಿಲ್ಲ. ಇನ್ನು ಮುಂದೆ ಯಾರಿಗಾದರೂ ಗುರುತಿನ ಕಾಪಿ ಕೊಡಬೇಕಾದರೆ ಪಾಸ್‌ಪೋರ್ಟ್ ನಂಬರ್ ಮುಚ್ಚಿ, ಯಾವ ಮನೆಯ ಅರ್ಜಿಗೆ ಎಂದು ಅದರ ಮೇಲೇ ಬರೆದು ಕೊಡಿ. ಅದೂ ಮನೆ ನೋಡಿದ ಮೇಲೆ.

ಈಗ ಮುಖ್ಯ ವಿಷಯ. ಇಲ್ಲಿಂದಲೇ ಕಾಯಂ ಮನೆ ಗೊತ್ತು ಮಾಡುವ ಆಸೆಯನ್ನು ಬಿಟ್ಟುಬಿಡಿ. ನಿಮಗೆ ಮೊದಲು ಬೇಕಾಗಿರುವುದು ಎರಡು ಮೂರು ತಿಂಗಳಿಗೆ ಒಂದು ತಾತ್ಕಾಲಿಕ ಜಾಗ. ಸಾಮಾನು ಸಮೇತ ಇರುವ ಒಂದು ಕೋಣೆ ಸಾಕು. ಯಾರೋ ಕೆಲವು ತಿಂಗಳಿಗೆ ಊರು ಬಿಟ್ಟು ಹೋಗುವಾಗ ತಮ್ಮ ಮನೆಯನ್ನು ಅಷ್ಟು ದಿನಕ್ಕೆ ಮರುಬಾಡಿಗೆಗೆ ಕೊಡುವ ಪದ್ಧತಿ ಅಲ್ಲಿ ಮಾಮೂಲು. ಇಬ್ಬರು ಮೂವರು ಸೇರಿ ಇರುವ ಮನೆಯಲ್ಲಿ ಒಂದು ಕೋಣೆ ಖಾಲಿ ಇದ್ದರೆ ಅದೂ ಆಗುತ್ತದೆ. ವೇಗೇ-ಗೆಸುಖ್ಟ್ ಸೈಟ್ ಇದಕ್ಕೇ ಇರುವುದು. ಬೋಬ್ಲಿಂಗನ್ ಸುತ್ತ ಕಂಪನಿಗಳು ಜಾಸ್ತಿ. ಹಾಗಾಗಿ ತಿಂಗಳ ಲೆಕ್ಕದಲ್ಲಿ ಕೊಡುವ ಸರ್ವಿಸ್ ಅಪಾರ್ಟ್‌ಮೆಂಟ್‌ಗಳೂ ಇವೆ. ಬಾಡಿಗೆ ಸ್ವಲ್ಪ ಜಾಸ್ತಿ. ಆದರೂ ಅದನ್ನು ದಂಡ ಎಂದುಕೊಳ್ಳಬೇಡಿ. ಹೆಂಡತಿ ಬರುವುದಕ್ಕೆ ಮೂರು ತಿಂಗಳಿದೆ, ಅಷ್ಟರಲ್ಲಿ ಕಣ್ಣಾರೆ ನೋಡಿ ಮನೆ ಹಿಡಿಯಬಹುದು. ನಿಮ್ಮ ಕಂಪನಿಯ ಎಚ್‌ಆರ್‌ನವರನ್ನು ಇವತ್ತೇ ಕೇಳಿ. ಹೊಸಬರಿಗೆ ಇಂಥ ಜಾಗ ತೋರಿಸುವ ವ್ಯವಸ್ಥೆ ಅನೇಕ ಕಂಪನಿಗಳಲ್ಲಿ ಇರುತ್ತದೆ. ಕೇಳದವರಿಗೆ ಅದು ಗೊತ್ತೇ ಆಗುವುದಿಲ್ಲ. ನಮ್ಮ ಮಲೆನಾಡಿನವರಿಗೆ ಕೇಳುವ ಸಂಕೋಚ ಸ್ವಲ್ಪ ಜಾಸ್ತಿ, ಇಲ್ಲಿ ಆ ಸಂಕೋಚ ಬೇಡ.

ತಾತ್ಕಾಲಿಕ ಜಾಗ ಹಿಡಿಯುವಾಗ ಒಂದೇ ಒಂದು ಪ್ರಶ್ನೆ ತಪ್ಪದೆ ಕೇಳಬೇಕು: ಈ ವಿಳಾಸದಲ್ಲಿ ಆನ್‌ಮೆಲ್ಡುಂಗ್ ಮಾಡಿಸಬಹುದಾ? ಆನ್‌ಮೆಲ್ಡುಂಗ್ ಅಂದರೆ ನಗರಸಭೆ ಕಚೇರಿಗೆ ಹೋಗಿ ನಾನು ಈ ವಿಳಾಸದಲ್ಲಿ ವಾಸ ಮಾಡುತ್ತಿದ್ದೇನೆ ಎಂದು ನೋಂದಾಯಿಸುವುದು. ಮನೆ ಸೇರಿದ ಎರಡು ವಾರದೊಳಗೆ ಮಾಡಿಸಬೇಕು. ಅದಕ್ಕೆ ಮನೆ ಕೊಟ್ಟವರು ಸಹಿ ಹಾಕಿದ ಒಂದು ದೃಢೀಕರಣ ಪತ್ರ ಬೇಕು, ಬರೀ ಕರಾರು ಪತ್ರ ತೋರಿಸಿದರೆ ಸಾಲದು. ರಜೆಗೆ ಬಂದವರಿಗೆ ದಿನದ ಲೆಕ್ಕದಲ್ಲಿ ಕೊಡುವ ಮನೆಗಳಲ್ಲಿ ಈ ಪತ್ರ ಕೊಡಲು ಬಹಳ ಜನ ಒಪ್ಪುವುದಿಲ್ಲ. ನೋಂದಣಿ ಆದ ಮೇಲೆಯೇ ತೆರಿಗೆ ನಂಬರ್ ಬರುತ್ತದೆ. ಅದು ಕೈಗೆ ಸಿಗದೆ ಹೋದರೆ ಸಂಬಳದಲ್ಲಿ ತೆರಿಗೆ ಜಾಸ್ತಿ ಮುರಿಯಬಹುದು. ಆಮೇಲೆ ಅದು ವಾಪಸ್ ಬರುತ್ತದೆ, ಆದರೆ ದುಡ್ಡು ಬೇಕಿರುವುದು ಮೊದಲ ತಿಂಗಳಲ್ಲೇ ಅಲ್ವಾ? ವಾಸದ ಪರವಾನಗಿ, ಎಷ್ಟೋ ಬ್ಯಾಂಕ್ ಖಾತೆಗಳು ಎಲ್ಲವೂ ಈ ನೋಂದಣಿ ಚೀಟಿಯ ಬೆನ್ನಿಗೇ ಬರುವಂಥವು.

ಇಲ್ಲೇ ಒಂದು ಸಣ್ಣ ವಿಷಯ. ನೋಡಲು ಸಣ್ಣದು, ತಪ್ಪಿದರೆ ದೊಡ್ಡ ತಲೆನೋವು. ಅಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಬಾಗಿಲ ಪಕ್ಕದ ಬೆಲ್ ಮೇಲೆ, ಕೆಳಗಿನ ಪೋಸ್ಟ್ ಡಬ್ಬಿಯ ಮೇಲೆ ಮನೆತನದ ಹೆಸರು ಬರೆದಿರುತ್ತದೆ. ಪೋಸ್ಟಿನವರು ಆ ಹೆಸರು ನೋಡಿಯೇ ಕಾಗದ ಹಾಕುವುದು. ಡಬ್ಬಿಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತದೆ. ತೆರಿಗೆ ನಂಬರ್ ಬರುವುದು ಅಂಚೆಯಲ್ಲೇ. ಬ್ಯಾಂಕ್ ಕಾರ್ಡ್ ಕೂಡ ಹಾಗೆಯೇ. ನಮ್ಮಲ್ಲಿ ಹೆಸರಿನ ಮುಂದೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇಟ್ಟುಕೊಂಡು ಓಡಾಡುತ್ತೇವೆ. ಪಾಸ್‌ಪೋರ್ಟ್‌ನಲ್ಲಿ ಅದು ಬಿಡಿಸಿಕೊಂಡು ಬೇರೆ ರೀತಿ ಇರುತ್ತದೆ. ಕೆಲವರಿಗೆ ಸರ್‌ನೇಮ್ ಜಾಗ ಖಾಲಿಯೇ ಇರುತ್ತದೆ. ನಿಮ್ಮ ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ಕೆಲಸದ ಕರಾರು, ಮನೆ ಕರಾರು, ನೋಂದಣಿ, ಪೋಸ್ಟ್ ಡಬ್ಬಿ ಎಲ್ಲದರಲ್ಲೂ ಇರಲಿ. ಕೀ ಕೈಗೆ ಬಂದ ದಿನವೇ ಒಂದು ಚೀಟಿಯಲ್ಲಿ ಹೆಸರು ಬರೆದು ಟೇಪ್ ಹಾಕಿ ಅಂಟಿಸಿ. ಓನರ್ ಲೋಹದ ಪಟ್ಟಿ ಮಾಡಿಸಿ ಕೊಡುವವರೆಗೆ ಕಾಯಬೇಡಿ.

ಇನ್ನು ಕಾಯಂ ಮನೆ. ಶಿವಮೊಗ್ಗದಲ್ಲಿ ಬಾಡಿಗೆ ಮನೆ ಬೇಕಾದರೆ ಏನು ಮಾಡುತ್ತೇವೆ? ವಿನೋಬನಗರ, ಗೋಪಾಳದ ಕಡೆ ಬೈಕ್‌ನಲ್ಲಿ ಒಂದು ಸುತ್ತು ಹೊಡೆದು ಟು-ಲೆಟ್ ಬೋರ್ಡ್ ನೋಡುತ್ತೇವೆ, ಅಂಗಡಿಯವರನ್ನು ಕೇಳುತ್ತೇವೆ. ಕೆಲಸದ ಜಾಗ ಎಲ್ಲಿದ್ದರೂ ಬೈಕಿದೆಯಲ್ಲ ಎಂದು ಮನೆ ಚೆನ್ನಾಗಿದೆಯಾ ಅಂತ ಮಾತ್ರ ನೋಡುತ್ತೇವೆ. ಅಲ್ಲಿ ಈ ಕ್ರಮವನ್ನೇ ತಿರುಗಿಸಬೇಕು. ಮೊದಲು ರೈಲಿನ ಲೈನ್, ಆಮೇಲೆ ಸ್ಟೇಷನ್, ಆಮೇಲೆ ಸ್ಟೇಷನ್‌ನಿಂದ ನಡೆಯುವ ದೂರ, ಕೊನೆಗೆ ಮನೆ. ಹೊಸದಾಗಿ ಹೋಗುವವರಿಗೆ ನಾನು ಹೇಳುವುದರಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ.

ನಿಮ್ಮದೇ ವಿಚಾರ ನೋಡೋಣ. ಕೆಲಸ ಬೋಬ್ಲಿಂಗನ್‌ನಲ್ಲಿ. ಅಲ್ಲಿಗೆ ಬರುವುದು ಎಸ್-ಬಾನ್ ಎಂಬ ಉಪನಗರ ರೈಲಿನ ಎಸ್1 ಲೈನ್. ಅದು ಸ್ಟುಟ್‌ಗಾರ್ಟ್ ಮುಖ್ಯ ನಿಲ್ದಾಣದ ಮೇಲೆ ಹಾದು, ಫೈಹಿಂಗನ್ ದಾಟಿ ಬೋಬ್ಲಿಂಗನ್‌ಗೆ ಬಂದು, ಮುಂದೆ ಏನಿಂಗನ್, ಗೆರ್ಟ್ರಿಂಗನ್, ನುಫ್ರಿಂಗನ್ ಮೇಲೆ ಹೆರೆನ್‌ಬೆರ್ಗ್‌ವರೆಗೆ ಹೋಗುತ್ತದೆ. ಬೋಬ್ಲಿಂಗನ್‌ನಿಂದಲೇ ಎಸ್60 ಎಂಬ ಇನ್ನೊಂದು ಲೈನ್ ಸಿಂಡೆಲ್‌ಫಿಂಗನ್, ಮಾಗ್‌ಶ್ಟಾಟ್ ಮೇಲೆ ರೆನ್ನಿಂಗನ್‌ಗೆ ಹೋಗುತ್ತದೆ. ಈ ಎರಡು ಲೈನ್ ಮೇಲಿನ ಯಾವ ಊರಲ್ಲಿ ಮನೆ ಹಿಡಿದರೂ ರೈಲು ಬದಲಿಸದೆ ನೇರ ಕೆಲಸಕ್ಕೆ ಹೋಗಬಹುದು. ಎಲ್ಲರೂ ಸ್ಟುಟ್‌ಗಾರ್ಟ್ ಹೆಸರು ಹಾಕಿ ಹುಡುಕುತ್ತಾರೆ. ನೀವು ಹೆರೆನ್‌ಬೆರ್ಗ್ ಕಡೆಗೆ ತಿರುಗಿ. ಸಣ್ಣ ಊರುಗಳು, ಸುತ್ತ ಹೊಲ, ಕಾಡು. ತೀರ್ಥಹಳ್ಳಿಯಲ್ಲಿ ಬೆಳೆದವರಿಗೆ ಅಲ್ಲಿ ಉಸಿರಾಟ ಸಲೀಸು. ಅರ್ಜಿ ಹಾಕುವವರ ನೂಕುನುಗ್ಗಲೂ ನಡು ಊರಿನಷ್ಟು ಇರುವುದಿಲ್ಲ.

ಯಾವುದೇ ಮನೆಯ ಜಾಹೀರಾತು ನೋಡಿದ ತಕ್ಷಣ ಡಿಬಿ ನ್ಯಾವಿಗೇಟರ್ ಎಂಬ ಜರ್ಮನ್ ರೈಲ್ವೆಯ ಆ್ಯಪ್ ತೆಗೆಯಿರಿ. ಆ ವಿಳಾಸದಿಂದ ಆಫೀಸಿಗೆ ಸೋಮವಾರ ಬೆಳಗ್ಗೆ ಎಷ್ಟು ಹೊತ್ತಾಗುತ್ತದೆ ಎಂದು ನೋಡಿ. ಅಷ್ಟಕ್ಕೇ ನಿಲ್ಲಿಸಬೇಡಿ. ಭಾನುವಾರ ರಾತ್ರಿ ಹತ್ತರ ಮೇಲೆ ಸ್ಟುಟ್‌ಗಾರ್ಟ್‌ನಿಂದ ಮನೆಗೆ ವಾಪಸ್ ಬರುವುದು ಹೇಗೆ ಎಂದೂ ಹಾಕಿ ನೋಡಿ. ಎಸ್-ಬಾನ್ ಇರುವ ಕಡೆ ಉತ್ತರ ಸಿಗುತ್ತದೆ. ಸ್ಟೇಷನ್‌ನಿಂದ ಮತ್ತೆ ಬಸ್ ಹಿಡಿಯಬೇಕಾದ ಹಳ್ಳಿಗಳಲ್ಲಿ ಬಸ್ಸು ಸಂಜೆಗೇ ಮುಗಿದಿರುತ್ತದೆ, ಭಾನುವಾರ ಇನ್ನೂ ಕಡಿಮೆ. ಅಂಥ ಕಡೆ ಬಾಡಿಗೆ ಕಡಿಮೆ ಕಂಡರೂ ಕೊನೆಗೆ ಕಾರಿಗೆ ದುಡ್ಡು ಸುರಿಯಬೇಕಾಗುತ್ತದೆ. ಸ್ಟುಟ್‌ಗಾರ್ಟ್ ನಗರದೊಳಗೆ ಮನೆ ನೋಡುವುದಾದರೆ ಇನ್ನೊಂದು ಎಚ್ಚರಿಕೆ. ಊರು ಕಣಿವೆಯಲ್ಲಿದೆ, ಸುತ್ತ ಗುಡ್ಡ. ಮ್ಯಾಪಿನಲ್ಲಿ ಐನೂರು ಮೀಟರ್ ಅಂತ ಕಂಡದ್ದು ನೂರಾರು ಮೆಟ್ಟಿಲಾಗಿರಬಹುದು. ಮಾರಿಯೆನ್‌ಪ್ಲಾಟ್ಸ್‌ನಿಂದ ಡೇಗರ್‌ಲೋಖ್‌ಗೆ ಹಲ್ಲಿನ ಗಾಲಿಯ ರೈಲೇ ಏರುತ್ತದೆ ಎಂದರೆ ಅಂದಾಜು ಮಾಡಿ.

ಜಾಹೀರಾತಿನ ಭಾಷೆ ಬೇಗ ಹೇಳಿಬಿಡುತ್ತೇನೆ. ಕಾಲ್ಟ್‌ಮೀಟೆ ಅಂದರೆ ಬರೀ ಬಾಡಿಗೆ. ವಾರ್ಮ್‌ಮೀಟೆ ಅಂದರೆ ನೀರು, ಕಸ, ಕಟ್ಟಡದ ಖರ್ಚು, ಸಾಮಾನ್ಯವಾಗಿ ಮನೆ ಬೆಚ್ಚಗಿಡುವ ಹೀಟರ್ ಖರ್ಚೂ ಸೇರಿದ್ದು. ಹೀಟರ್ ಖರ್ಚು ಸೇರಿದೆಯಾ ಎಂದು ಕೇಳಿಯೇ ಲೆಕ್ಕ ಹಾಕಿ. ಕರೆಂಟು, ಇಂಟರ್ನೆಟ್ ಹೆಚ್ಚಾಗಿ ಬೇರೆ. ಟಿವಿ ಇರಲಿ ಬಿಡಲಿ, ಮನೆಗೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಬೇರೆ. ಎರಡು ಕೋಣೆಯ ಮನೆ ಅಂದರೆ ಹಾಲ್ ಒಂದು, ಮಲಗುವ ಕೋಣೆ ಒಂದು. ಅಡುಗೆಮನೆ, ಬಚ್ಚಲು ಆ ಲೆಕ್ಕಕ್ಕಿಲ್ಲ. ಸಾಮಾನು ಇಲ್ಲದ ಮನೆ ಅಂದರೆ ನಿಜವಾಗಿಯೂ ಏನೂ ಇಲ್ಲ. ಎಷ್ಟೋ ಸಲ ಅಡುಗೆಮನೆಯಲ್ಲಿ ಸಿಂಕು, ಒಲೆ, ಕಟ್ಟೆ ಕೂಡ ಇರುವುದಿಲ್ಲ. ಗೋಡೆಯಿಂದ ಪೈಪ್ ಹೊರಗೆ ಬಂದಿರುತ್ತದೆ, ಚಾವಣಿಯಿಂದ ವೈರ್ ನೇತಾಡುತ್ತಿರುತ್ತದೆ, ಅಷ್ಟೇ. ಹಳೆಯ ಬಾಡಿಗೆದಾರರು ತಮ್ಮ ಅಡುಗೆಮನೆಯನ್ನು ನಿಮಗೇ ಮಾರುತ್ತೇವೆ ಎನ್ನಬಹುದು. ರೇಟು ಸರಿ ಕಂಡರೆ ಒಪ್ಪಿಕೊಳ್ಳಿ, ಹೊಸದು ಹಾಕಿಸಲು ವಾರಗಟ್ಟಲೆ ಕಾಯಬೇಕು. ಏಜೆಂಟ್ ಇದ್ದರೆ, 2015ರಿಂದ ಅಲ್ಲಿನ ನಿಯಮ ಸರಳ: ಏಜೆಂಟನ್ನು ಕರೆಸಿದವರೇ ಕಮಿಷನ್ ಕೊಡಬೇಕು. ಓನರ್ ಕರೆಸಿದ ಏಜೆಂಟ್ ನಿಮ್ಮ ಹತ್ತಿರ ಕೇಳುವಂತಿಲ್ಲ.

ಅರ್ಜಿ ಜರ್ಮನ್‌ನಲ್ಲೇ ಬರೆಯಿರಿ. ಉದ್ದ ಬೇಡ. ಯಾರು, ಎಲ್ಲಿ ಕೆಲಸ, ಎಷ್ಟು ಜನ, ಯಾವಾಗಿನಿಂದ ಬೇಕು ಅಷ್ಟೇ. ಹೆಂಡತಿ ಬರುವುದನ್ನು ಮೊದಲೇ ಹೇಳಿ. ಕಾನೂನಿನ ಪ್ರಕಾರ ಹೆಂಡತಿಯನ್ನು ಕರೆಸಿಕೊಳ್ಳಲು ಓನರ್ ಒಪ್ಪಿಗೆ ಬೇಕಿಲ್ಲ, ತಿಳಿಸಿದರೆ ಸಾಕು. ಆದರೂ ಓನರ್‌ಗೆ ಮೊದಲೇ ಗೊತ್ತಿದ್ದರೆ ಹೆಂಡತಿಯ ನೋಂದಣಿಗೆ ಬೇಕಾದ ದೃಢೀಕರಣ ಪತ್ರಕ್ಕೆ ಆಮೇಲೆ ಅಲೆಯಬೇಕಾಗುವುದಿಲ್ಲ. ಶೂಫಾ ಎಂಬ ಸಾಲದ ಇತಿಹಾಸದ ವರದಿ ಕೇಳುತ್ತಾರೆ. ಹೊಸಬರ ಹತ್ತಿರ ಅದರಲ್ಲಿ ಏನೂ ಇರುವುದಿಲ್ಲ. ಅದರ ಬದಲು ಕೆಲಸದ ಕರಾರು, ಸಿಕ್ಕಿದ್ದರೆ ಮೊದಲ ಸಂಬಳದ ಚೀಟಿ ಜೋಡಿಸಿ. ಮನೆ ನೋಡಲು ಕರೆದರೆ ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ. ನಿಮ್ಮ ಹಾಗೆ ಇನ್ನೂ ಹಲವರು ಬಂದಿರುತ್ತಾರೆ. ಇಂತಿಷ್ಟು ವರ್ಷ ಮನೆ ಬಿಡುವಂತಿಲ್ಲ ಎಂಬ ಷರತ್ತು ಕರಾರಿನಲ್ಲಿ ಇದೆಯಾ ನೋಡಿ. ಅಂಥ ಷರತ್ತಿಲ್ಲದಿದ್ದರೆ ಮೂರು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು. ನೋಟಿಸ್ ಲಿಖಿತವಾಗಿ, ತಿಂಗಳ ಮೂರನೇ ಕೆಲಸದ ದಿನದೊಳಗೆ ಅವರ ಕೈ ಸೇರಿದರೆ ಮಾತ್ರ ಆ ತಿಂಗಳು ಲೆಕ್ಕಕ್ಕೆ ಬರುತ್ತದೆ. ಕರಾರು ಅರ್ಥವಾಗದಿದ್ದರೆ ಬಾಡಿಗೆದಾರರ ಸಂಘ ಇದೆ. ವರ್ಷಕ್ಕಿಷ್ಟು ಎಂದು ಚಂದಾ ಕಟ್ಟಿದರೆ ವಕೀಲರ ಸಲಹೆ ಸಿಗುತ್ತದೆ.

ಕೀ ತೆಗೆದುಕೊಳ್ಳುವ ದಿನ ಮೀಟರ್ ರೀಡಿಂಗ್, ಗೋಡೆಯ ಕಲೆ, ನೆಲದ ಗೀರು ಎಲ್ಲದರ ಫೋಟೋ ತೆಗೆದು, ಹಸ್ತಾಂತರದ ಪಟ್ಟಿಯಲ್ಲಿ ಬರೆಸಿ ಇಬ್ಬರೂ ಸಹಿ ಹಾಕಿ. ಅಡ್ವಾನ್ಸ್ ವಾಪಸ್ ಬರುವಾಗ ಮಾತಿಗಿಂತ ಈ ಕಾಗದ ಮುಖ್ಯ. ಅಡ್ವಾನ್ಸ್‌ನಲ್ಲಿ ಮುರಿಯುವುದಕ್ಕೆ ಒಂದು ಕಾರಣ ಬೂಷ್ಟು. ಅದರ ಕಾಟ ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮಲ್ಲಿ ಅದು ಮಳೆಗಾಲದ್ದು, ಅಲ್ಲಿ ಚಳಿಗಾಲದ್ದು. ಕಿಟಕಿಗಳು ಗಾಳಿ ಆಡದ ಹಾಗೆ ಬಿಗಿಯಾಗಿರುತ್ತವೆ. ಅನ್ನ ಮಾಡಿದ ಹಬೆ, ಸ್ನಾನದ ಹಬೆ, ಒಳಗೇ ಒಣಹಾಕಿದ ಬಟ್ಟೆಯ ತೇವ ಎಲ್ಲಾ ತಣ್ಣನೆಯ ಗೋಡೆಗೆ ಕೂರುತ್ತದೆ. ದಿನಕ್ಕೆರಡು ಮೂರು ಸಲ ಕಿಟಕಿ ಪೂರ್ತಿ ತೆಗೆದು ಐದು ಹತ್ತು ನಿಮಿಷ ಗಾಳಿ ಆಡಿಸಿ, ಮತ್ತೆ ಮುಚ್ಚಿ. ಹೊರಗೆ ಹಿಮ ಬೀಳುತ್ತಿದ್ದರೂ ಸರಿ. ಆ ಹೊತ್ತಿಗೆ ಹೀಟರ್ ಆರಿಸಿ.

ನೀವು ಹೋಗುತ್ತಿರುವ ಕಡೆಯದೇ ಇನ್ನೊಂದು ಪದ್ಧತಿ ಇದೆ: ಕೇರ್‌ವೋಖೆ. ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ಸರದಿ ಬಂದಾಗ ಒಂದು ಸಣ್ಣ ಬೋರ್ಡ್ ನಿಮ್ಮ ಬಾಗಿಲಿಗೆ ನೇತು ಬೀಳುತ್ತದೆ. ಕಂಡೂ ಕಾಣದ ಹಾಗೆ ಇರಬೇಡಿ. ಪಕ್ಕದ ಮನೆಯ ಅಜ್ಜಿ ಇದನ್ನು ಬಹಳ ಗಂಭೀರವಾಗಿ ನೋಡುತ್ತಾರೆ. ಅಚ್ಚುಕಟ್ಟಾಗಿ ಮಾಡಿದರೆ ಅದೇ ಅಜ್ಜಿ ನಿಮ್ಮ ಪಾರ್ಸೆಲ್ ತೆಗೆದಿಟ್ಟುಕೊಡುತ್ತಾರೆ. ರಾತ್ರಿ ಹತ್ತರ ಮೇಲೆ, ಭಾನುವಾರ ಪೂರ್ತಿ ಡ್ರಿಲ್ಲು, ಮಿಕ್ಸಿ ಗಲಾಟೆ ಬೇಡ. ದೋಸೆ ಹಿಟ್ಟು ಶನಿವಾರ ಹಗಲೇ ರುಬ್ಬಿಟ್ಟುಕೊಳ್ಳಿ.

ಕಾರು ಬೇಕಾ? ಮೊದಲ ವರ್ಷ ಬೇಡ. ನಮ್ಮ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ವಾಸ ಶುರುವಾದ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಥಿಯರಿ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡೂ ಪಾಸಾಗಬೇಕು. ಖರ್ಚು ಕೈ ಕಚ್ಚುತ್ತದೆ. ಅದರ ಬದಲು ಡಾಯ್ಚ್‌ಲಾಂಡ್ ಟಿಕೆಟ್ ತೆಗೆದುಕೊಳ್ಳಿ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ದೇಶದ ಯಾವ ಊರಿನ ಸಿಟಿ ಬಸ್ಸು, ಟ್ರಾಮ್, ಮೆಟ್ರೋ, ಎಸ್-ಬಾನ್, ಪ್ರಾದೇಶಿಕ ರೈಲಿನಲ್ಲಾದರೂ ಇದರಲ್ಲಿ ಓಡಾಡಬಹುದು. ಐಸಿಇ, ಐಸಿ ತರಹದ ದೂರದ ವೇಗದ ರೈಲಿಗೆ ಮಾತ್ರ ನಡೆಯುವುದಿಲ್ಲ. ಇದು ತಿಂಗಳ ಚಂದಾ. ಬೇಡವೆಂದರೆ ಆ ತಿಂಗಳ ಹತ್ತನೇ ತಾರೀಕಿನೊಳಗೆ ರದ್ದು ಮಾಡಬೇಕು, ತಡವಾದರೆ ಮುಂದಿನ ತಿಂಗಳದ್ದೂ ಕಟ್ಟಬೇಕು. ತಿಂಗಳ ನಡುವೆ ಕೊಂಡರೂ ತಿಂಗಳ ಕೊನೆಗೆ ಮುಗಿಯುತ್ತದೆ. ಅನೇಕ ಕಂಪನಿಗಳು ಇದರ ದುಡ್ಡಿನಲ್ಲಿ ಒಂದು ಭಾಗ ಕೊಡುತ್ತವೆ, ಅದನ್ನೂ ಎಚ್‌ಆರ್‌ನವರನ್ನು ಕೇಳಿ. ಹೆಂಡತಿಗೆ ಬೇರೆ ಟಿಕೆಟ್ ಬೇಕು. ಅದು ಒಬ್ಬರ ಹೆಸರಿನದು, ಇನ್ನೊಬ್ಬರಿಗೆ ಕೊಡುವಂತಿಲ್ಲ.

ನಮ್ಮ ತೀರ್ಥಹಳ್ಳಿ ರೂಟಿನ ಬಸ್ಸಿನಲ್ಲಿ ಕಂಡಕ್ಟರೇ ಹತ್ತಿರ ಬಂದು ಟಿಕೆಟ್ ಕೊಡುತ್ತಾರೆ. ತೋಟದ ಗೇಟಿನ ಹತ್ತಿರ ಕೈ ಅಡ್ಡ ಹಾಕಿದರೂ ನಿಲ್ಲಿಸುತ್ತಾರೆ. ಅಲ್ಲಿ ಸ್ಟಾಪ್ ಬಿಟ್ಟು ಬೇರೆಲ್ಲೂ ನಿಲ್ಲುವುದಿಲ್ಲ. ಇಳಿಯಬೇಕಾದರೆ ಗುಂಡಿ ಒತ್ತಬೇಕು. ರೈಲಿನ ಬಾಗಿಲೂ ಗುಂಡಿ ಒತ್ತಿದರೇ ತೆರೆಯುವುದು, ಸುಮ್ನೆ ನಿಂತರೆ ರೈಲು ಹೊರಟೇಬಿಡುತ್ತದೆ. ಸ್ಟೇಷನ್‌ನಲ್ಲಿ ಗೇಟ್ ಇರುವುದಿಲ್ಲ, ಯಾರೂ ತಡೆಯುವುದಿಲ್ಲ. ಹಾಗಂತ ಟಿಕೆಟ್ ಇಲ್ಲದೆ ಹತ್ತಬೇಡಿ. ಮಾಮೂಲಿ ಬಟ್ಟೆಯಲ್ಲೇ ಬಂದು ಚೆಕ್ ಮಾಡುತ್ತಾರೆ, ದಂಡ 60 ಯೂರೋ. ಬಿಡಿ ಟಿಕೆಟ್ ಕಾಗದದ್ದಾದರೆ ಕೆಲವದಕ್ಕೆ ಹತ್ತುವ ಮೊದಲು ಮೆಷಿನ್‌ನಲ್ಲಿ ಸೀಲು ಹಾಕಿಸಬೇಕು. ಫೋನಿನಲ್ಲಿ ಟಿಕೆಟ್ ಇದ್ದರೆ ಚಾರ್ಜ್ ನೋಡಿಕೊಳ್ಳಿ, ಫೋಟೋ ಇರುವ ಗುರುತಿನ ಚೀಟಿ ಜೊತೆಗಿರಲಿ.

ರೈಲು ಯಾವಾಗಲೂ ಹೇಳಿದ ಹೊತ್ತಿಗೇ ಬರುತ್ತದೆ ಎಂದೂ ನಂಬಬೇಡಿ. ಸ್ಟುಟ್‌ಗಾರ್ಟ್‌ನ ಮುಖ್ಯ ನಿಲ್ದಾಣದ ಸುತ್ತ 2010ರಿಂದ ದೊಡ್ಡ ಕಾಮಗಾರಿ ನಡೆದಿದೆ. ಆಗಾಗ ಲೈನ್ ಮುಚ್ಚುತ್ತಾರೆ. ಆಗ ರೈಲಿನ ಬದಲು ಬಸ್ ಬಿಡುತ್ತಾರೆ, ಅದರ ಸ್ಟಾಪ್ ಸ್ಟೇಷನ್ ಹೊರಗೆ ಎಲ್ಲೋ ಇರುತ್ತದೆ. ಬೋರ್ಡಿನ ಮೇಲೆ ಎಸ್‌ಇವಿ ಎಂಬ ಮೂರು ಅಕ್ಷರ ಕಂಡರೆ ಇದೇ ಎಂದು ತಿಳಿಯಿರಿ. ಬೆಳಗ್ಗೆ ಹಲ್ಲುಜ್ಜುವಾಗಲೇ ಆ್ಯಪ್ ನೋಡುವ ರೂಢಿ ಮಾಡಿಕೊಳ್ಳಿ.

ಕೊನೆಯದಾಗಿ ಮೊದಲ ದಿನದ ಪ್ರಯಾಣ. ನೀವು ಇಳಿಯುವುದು ಫ್ರಾಂಕ್‌ಫರ್ಟ್ ಆದರೆ, ಟರ್ಮಿನಲ್ 1ಕ್ಕೆ ಹೊಂದಿಕೊಂಡೇ ದೂರದ ರೈಲುಗಳ ಸ್ಟೇಷನ್ ಇದೆ. ಅಲ್ಲಿಂದ ಸ್ಟುಟ್‌ಗಾರ್ಟ್‌ಗೆ ಐಸಿಇಯಲ್ಲಿ ಒಂದೂಕಾಲು ಗಂಟೆಯ ಆಸುಪಾಸು. ಕಡಿಮೆ ದುಡ್ಡಿನ ಶ್ಪಾರ್‌ಪ್ರೈಸ್ ಟಿಕೆಟ್ ಆ ಒಂದು ರೈಲಿಗೇ ಕಟ್ಟುಬಿದ್ದಿರುತ್ತದೆ. ವಿಮಾನ ತಡವಾಗಿಯೋ, ಬ್ಯಾಗ್ ಬರುವುದು ತಡವಾಗಿಯೋ ಆ ರೈಲು ತಪ್ಪಿದರೆ ಸಾಮಾನ್ಯವಾಗಿ ದುಡ್ಡು ಹೋದ ಹಾಗೆಯೇ. ಆ ದಿನಕ್ಕೆ ಮಾತ್ರ ಸ್ವಲ್ಪ ಜಾಸ್ತಿ ಕೊಟ್ಟು ಫ್ಲೆಕ್ಸ್‌ಪ್ರೈಸ್ ತೆಗೆದುಕೊಳ್ಳಿ, ಯಾವ ರೈಲಾದರೂ ಹತ್ತಬಹುದು. ಕೆಲವು ಏರ್‌ಲೈನ್‌ಗಳು ವಿಮಾನದ ಟಿಕೆಟ್ ಜೊತೆಗೇ ರೈಲಿನ ಟಿಕೆಟ್ ಸೇರಿಸಿ ಕೊಡುತ್ತವೆ, ಬುಕ್ ಮಾಡುವಾಗಲೇ ಕೇಳಿ. ಸ್ಟುಟ್‌ಗಾರ್ಟ್‌ನಲ್ಲಿ ಇಳಿದು, ಹೆರೆನ್‌ಬೆರ್ಗ್ ಎಂದು ಬೋರ್ಡ್ ಇರುವ ಎಸ್1 ಹತ್ತಿದರೆ ಅರ್ಧ ಗಂಟೆಯಲ್ಲಿ ಬೋಬ್ಲಿಂಗನ್. ಶನಿವಾರ ಸಂಜೆಯೊಳಗೆ ತಲುಪುವ ಹಾಗೆ ಹೊರಡಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಎರಡು ದಿನಕ್ಕಾಗುವಷ್ಟು ಅವಲಕ್ಕಿ, ಚಟ್ನಿಪುಡಿ ಬ್ಯಾಗಿನಲ್ಲಿರಲಿ.